ಪದಕ ಮತ್ತು ಪ್ರಮಾಣಪತ್ರ: ಯುದ್ಧೋತ್ತರ ಭಾರತದ ಚಲನಚಿತ್ರ ಪ್ರಶಸ್ತಿಗಳು ಹಾಗೂ ಕನ್ನಡ ಚಿತ್ರ (1954–1970)

ಭಾರತ ಸರ್ಕಾರವು ಚಲನಚಿತ್ರಗಳಿಗೆ ಪ್ರಶಸ್ತಿ ನೀಡುವ ಪದ್ಧತಿ 1954ರಲ್ಲಿ ಆರಂಭವಾಯಿತು. 1953ರ ಚಿತ್ರಗಳಿಗೆ ಸಂಬಂಧಿಸಿದ ಮೊದಲ ಪ್ರಶಸ್ತಿಗಳನ್ನು ಆ ವರ್ಷದ ಅಕ್ಟೋಬರ್ 10ರಂದು ಪ್ರದಾನ ಮಾಡಲಾಯಿತು. ಆಗ ಅವುಗಳ ಹೆಸರು ‘ಚಲನಚಿತ್ರಗಳಿಗೆ ರಾಜ್ಯ ಪ್ರಶಸ್ತಿ’ ಎಂದಿತ್ತು; ಇಲ್ಲಿ ರಾಜ್ಯವೆಂದರೆ ಪ್ರಭುತ್ವ. ‘ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ’ ಎಂಬ ಹೆಸರು ಅನಂತರದ್ದು. ಈ ಪ್ರಶಸ್ತಿಗಳ ಇತಿಹಾಸವನ್ನು ಪುರಸ್ಕೃತ ಚಿತ್ರಗಳ ಪಟ್ಟಿಯಾಗಿ ಓದುವುದೇ ರೂಢಿ. ಆದರೆ ಪಟ್ಟಿಯ ಹಿಂದೆ ಒಂದು ವಿಚಿತ್ರ ಸಂಬಂಧವಿದೆ. ಚಿತ್ರಕ್ಕೆ ಪದಕ ನೀಡುತ್ತಿದ್ದುದೂ ಅದನ್ನು ಪರಿಶೀಲಿಸಿ ಪ್ರದರ್ಶನಕ್ಕೆ ಪ್ರಮಾಣಪತ್ರ ನೀಡುತ್ತಿದ್ದುದೂ ಒಂದೇ ಸಚಿವಾಲಯದ ಅಧೀನದ ವ್ಯವಸ್ಥೆಗಳು. ಪ್ರಮಾಣಪತ್ರವಿಲ್ಲದೆ ಪದಕವಿಲ್ಲ. ಈ ಎರಡರ ನಡುವಣ ಸಂಬಂಧವು ಮೊದಲ ಹದಿನೇಳು ವರ್ಷಗಳಲ್ಲಿ ಹೇಗೆ ರೂಪುಗೊಂಡಿತು, ಅದರೊಳಗೆ ಕನ್ನಡ ಚಿತ್ರಕ್ಕೆ ದೊರೆತ ಸ್ಥಾನ ಎಂತಹುದು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಯುದ್ಧೋತ್ತರ ಹಿನ್ನೆಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಚಿತ್ರೋದ್ಯಮವು ಸರ್ಕಾರದ ನಿಯಂತ್ರಣವನ್ನು ಹತ್ತಿರದಿಂದ ಕಂಡಿತು. ಕಚ್ಚಾ ಫಿಲ್ಮ್ ಹೊರದೇಶಗಳಿಂದ ಬರಬೇಕಾಗಿದ್ದುದರಿಂದ ಅದರ ಹಂಚಿಕೆಗೆ ಪರವಾನಗಿ ಪದ್ಧತಿ ಜಾರಿಯಾಯಿತು. ಕಥಾಚಿತ್ರದ ಉದ್ದವನ್ನು 11,000 ಅಡಿಗಳಿಗೆ ಮಿತಿಗೊಳಿಸಲಾಯಿತು. ಯುದ್ಧ ಮುಗಿದ ಮೇಲೆ ಈ ನಿರ್ಬಂಧಗಳು ಸಡಿಲಗೊಂಡವು. ಆದರೆ ಯುದ್ಧಕಾಲದ ಲಾಭದ ಹಣ ಉದ್ಯಮದೊಳಕ್ಕೆ ಹರಿದು ಬಂದುದರಿಂದ ಹಳೆಯ ಸ್ಟುಡಿಯೋ ಪದ್ಧತಿ ಶಿಥಿಲವಾಯಿತು. ಮಾಸಿಕ ಸಂಬಳದ ಕಲಾವಿದರ ಸ್ಥಾನದಲ್ಲಿ ಚಿತ್ರವೊಂದಕ್ಕೆ ಇಷ್ಟೆಂದು ಸಂಭಾವನೆ ಪಡೆಯುವ ತಾರೆಯರು ಬಂದರು. ಇತ್ತ ಪ್ರಾಂತೀಯ ಸರ್ಕಾರಗಳು ಮನರಂಜನಾ ತೆರಿಗೆಯನ್ನು ಏರಿಸುತ್ತ ಹೋದವು. ಇದನ್ನು ವಿರೋಧಿಸಿ 1949ರ ಜೂನ್ 30ರಂದು ದೇಶದ ಚಿತ್ರಮಂದಿರಗಳು ಪ್ರದರ್ಶನ ನಿಲ್ಲಿಸಿ ಪ್ರತಿಭಟನೆಯ ದಿನವನ್ನು ಆಚರಿಸಿದವು.

ಅದೇ ವರ್ಷ ಕೇಂದ್ರ ಸರ್ಕಾರವು ಎಸ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಲನಚಿತ್ರ ವಿಚಾರಣಾ ಸಮಿತಿಯನ್ನು ನೇಮಿಸಿತು. ಉದ್ಯಮದ ಪರವಾಗಿ ವಿ. ಶಾಂತಾರಾಮ್ ಮತ್ತು ಬಿ. ಎನ್. ಸರ್ಕಾರ್ ಅದರಲ್ಲಿದ್ದರು. 1951ರಲ್ಲಿ ವರದಿ ಸಿದ್ಧವಾಯಿತು. ಚಿತ್ರನಿರ್ಮಾಣಕ್ಕೆ ಹಣಕಾಸು ಒದಗಿಸುವ ನಿಗಮ ಬೇಕು, ತಂತ್ರಜ್ಞರ ತರಬೇತಿಗೆ ಸಂಸ್ಥೆ ಬೇಕು ಎಂಬವು ಅದರ ಮುಖ್ಯ ಶಿಫಾರಸುಗಳಲ್ಲಿ ಸೇರಿದ್ದವು. ಚಲನಚಿತ್ರ ಹಣಕಾಸು ನಿಗಮ ಮತ್ತು ಪುಣೆಯ ಚಲನಚಿತ್ರ ಸಂಸ್ಥೆ ಎರಡೂ ಅಸ್ತಿತ್ವಕ್ಕೆ ಬಂದದ್ದು 1960ರಲ್ಲಿ, ಅಂದರೆ ವರದಿ ಬಂದ ಒಂಬತ್ತು ವರ್ಷಗಳ ಬಳಿಕ. ಪ್ರಶಸ್ತಿಯಾದರೋ ಮೂರೇ ವರ್ಷಗಳಲ್ಲಿ ಬಂದಿತು. ಬಂಡವಾಳವಾಗಲಿ ತೆರಿಗೆ ವಿನಾಯಿತಿಯಾಗಲಿ ಬೇಡದ ಪ್ರೋತ್ಸಾಹವೆಂದರೆ ಮನ್ನಣೆ. ಅದು ಮೊದಲು ಬಂದುದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಸರ್ಕಾರಿ ಸಂಸ್ಕೃತಿ ನೀತಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, 1954ರಲ್ಲಿ ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿಗಳು ಸ್ಥಾಪನೆಯಾದವು. ಸಿನಿಮಾಕ್ಕೆ ಪ್ರತ್ಯೇಕ ಅಕಾಡೆಮಿ ಬರಲಿಲ್ಲ. ಸಂಗೀತ ನಾಟಕ ಅಕಾಡೆಮಿಯೇ 1955ರಲ್ಲಿ ದೆಹಲಿಯಲ್ಲಿ ಚಲನಚಿತ್ರ ವಿಚಾರಸಂಕಿರಣವೊಂದನ್ನು ಏರ್ಪಡಿಸಿತು. ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಹೀಗೆ ಆಗೊಮ್ಮೆ ಈಗೊಮ್ಮೆ ಕಲೆಗಳ ಪಂಕ್ತಿಯಲ್ಲಿ ಸಿನಿಮಾಕ್ಕೆ ಎಲೆ ಹಾಕಿದ್ದುಂಟು. ಆದರೆ ಆಡಳಿತದ ದೃಷ್ಟಿಯಲ್ಲಿ ಅದು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿಷಯವಾಗಿಯೇ ಉಳಿಯಿತು. ಅದೇ ಸಚಿವಾಲಯದ ಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ದೂರವಾದದ್ದು 1952ರ ಸಂಗತಿ. ಗೀತೆಗಳನ್ನು ಹೊರಗಿಟ್ಟ ಸಚಿವಾಲಯವೇ ಎರಡು ವರ್ಷಗಳ ತರುವಾಯ ಚಿತ್ರಗಳಿಗೆ ಚಿನ್ನದ ಪದಕ ನೀಡಿತು. ಸಿನಿಮಾ ಇರುವಂತೆಯೇ ಅದನ್ನು ಗೌರವಿಸುವುದಕ್ಕಿಂತ ಅದು ಹೇಗಿರಬೇಕೆಂಬುದನ್ನು ಸೂಚಿಸುವುದು ಈ ಪದಕದ ಉದ್ದೇಶವಾಗಿತ್ತು.

ಎರಡು ಪ್ರಶಸ್ತಿ, ಎರಡು ಮಾನದಂಡ

1954ರಲ್ಲಿಯೇ ಮುಂಬಯಿಯಲ್ಲಿ ಮತ್ತೊಂದು ಪ್ರಶಸ್ತಿ ಹುಟ್ಟಿತು. ‘ಫಿಲ್ಮ್‌ಫೇರ್’ ಪತ್ರಿಕೆಯು ಓದುಗರ ಮತದಾನವನ್ನು ಆಧರಿಸಿ ಮಾರ್ಚ್ 21ರಂದು ಮೆಟ್ರೊ ಚಿತ್ರಮಂದಿರದಲ್ಲಿ ಐದು ಪ್ರಶಸ್ತಿಗಳನ್ನು ನೀಡಿತು. ‘ಟೈಮ್ಸ್ ಆಫ್ ಇಂಡಿಯಾ’ದ ಚಿತ್ರವಿಮರ್ಶಕಿ ಕ್ಲೇರ್ ಮೆಂಡೋನ್ಸಾ ಅವರ ನೆನಪಿನಲ್ಲಿ ಅವುಗಳನ್ನು ಮೊದಲು ಕ್ಲೇರ್ ಪ್ರಶಸ್ತಿಗಳೆಂದು ಕರೆಯುತ್ತಿದ್ದರು. ಅತ್ಯುತ್ತಮ ಚಿತ್ರವಾಗಿ ‘ದೋ ಬಿಘಾ ಜಮೀನ್’, ನಿರ್ದೇಶಕರಾಗಿ ಬಿಮಲ್ ರಾಯ್, ನಟರಾಗಿ ದಿಲೀಪ್ ಕುಮಾರ್, ನಟಿಯಾಗಿ ಮೀನಾ ಕುಮಾರಿ, ಸಂಗೀತ ನಿರ್ದೇಶಕರಾಗಿ ನೌಷಾದ್ ಆಯ್ಕೆಯಾದರು. ಐದರಲ್ಲಿ ನಾಲ್ಕು ಪ್ರಶಸ್ತಿಗಳು ವ್ಯಕ್ತಿಗಳಿಗೆ ಸಂದವೆಂಬುದನ್ನು ಗಮನಿಸಬೇಕು.

ರಾಜ್ಯ ಪ್ರಶಸ್ತಿಯ ಕ್ರಮ ಬೇರೆ. ಅಲ್ಲಿ ಗೌರವ ಚಿತ್ರಕ್ಕೆ. ನಟ, ನಟಿ, ಛಾಯಾಗ್ರಾಹಕ, ಸಂಗೀತಗಾರ ಯಾರಿಗೂ ಪ್ರತ್ಯೇಕ ಮನ್ನಣೆ ಇರಲಿಲ್ಲ. ಕಲಾತ್ಮಕ ಮತ್ತು ತಾಂತ್ರಿಕ ಔನ್ನತ್ಯದೊಡನೆ ಶೈಕ್ಷಣಿಕ, ಸಾಂಸ್ಕೃತಿಕ ಮೌಲ್ಯವೂ ಪರಿಗಣನೆಗೆ ಬರುತ್ತಿತ್ತು. ಮೊದಲ ಚಿನ್ನದ ಪದಕವನ್ನು ಪಡೆದದ್ದು ಪಿ. ಕೆ. ಅತ್ರೆಯವರ ಮರಾಠಿ ಚಿತ್ರ ‘ಶ್ಯಾಮಚಿ ಆಯಿ’. ಸಾನೆ ಗುರೂಜಿಯವರ ಕೃತಿಯನ್ನು ಆಧರಿಸಿದ ಈ ಚಿತ್ರದಲ್ಲಿ ತಾಯಿಯೊಬ್ಬಳು ಬಡತನದ ನಡುವೆ ಮಗನಿಗೆ ನೀಡುವ ಸಂಸ್ಕಾರವೇ ಕಥಾವಸ್ತು. ಓದುಗರು ಮೆಚ್ಚಿದ ‘ದೋ ಬಿಘಾ ಜಮೀನ್’ ಇಲ್ಲಿ ಅರ್ಹತಾ ಪತ್ರಕ್ಕೆ ತೃಪ್ತಿಪಡಬೇಕಾಯಿತು. ಸಾಲಕ್ಕೆ ಸಿಕ್ಕ ರೈತ ಜಮೀನು ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ಕೈಗಾಡಿ ಎಳೆಯುವ ಆ ಕಥೆ ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಬಹುಮಾನವನ್ನೂ ಗಳಿಸಿತು. ಒಂದೇ ಚಿತ್ರವನ್ನು ಮೂರು ತೀರ್ಪುಗಾರರು ಮೂರು ಬಗೆಯಲ್ಲಿ ಕಂಡರು. ಎರಡೂ ಚಿತ್ರಗಳ ಯೋಗ್ಯತೆ ನಿರ್ವಿವಾದ. ಆದರೆ ಶೈಕ್ಷಣಿಕ ಮೌಲ್ಯವನ್ನು ಅಳತೆಗೋಲಾಗಿ ಹಿಡಿದಾಗ ಮಗನನ್ನು ತಿದ್ದುವ ತಾಯಿಯ ಕಥೆ ಮೇಲಾಗಿಯೂ ಜಮೀನು ಕಳೆದುಕೊಂಡ ರೈತನ ಕಥೆ ಅದಕ್ಕಿಂತ ಕೆಳಗಾಗಿಯೂ ಕಾಣುವುದು ಸಹಜ.

ಈ ಮಾನದಂಡ ಎಲ್ಲ ಕಾಲಕ್ಕೂ ಸಂಕುಚಿತವಾಗಿತ್ತೆಂದು ಹೇಳಲಾಗದು. 1955ರ ಚಿತ್ರಗಳಿಗಾಗಿ ಚಿನ್ನದ ಪದಕ ಪಡೆದ ‘ಪಥೇರ್ ಪಾಂಚಾಲಿ’ ಹೊಸಬನೊಬ್ಬನ ಮೊದಲ ಚಿತ್ರ, ತಾರೆಯರಿಲ್ಲ, ಹಾಡುಕುಣಿತವಿಲ್ಲ. ಅದರ ನಿರ್ಮಾಣಕ್ಕೆ ಹಣ ನೀಡಿದ್ದು ಪಶ್ಚಿಮ ಬಂಗಾಳ ಸರ್ಕಾರ. ಮಾರುಕಟ್ಟೆಯ ಲೆಕ್ಕದಲ್ಲಿ ಸೇರದ ಕೃತಿಗೆ ಪ್ರಭುತ್ವದ ಮನ್ನಣೆ ಎಷ್ಟು ಮುಖ್ಯವಾಗಬಲ್ಲುದು ಎಂಬುದಕ್ಕೆ ಇದು ಮೊದಲ ದೊಡ್ಡ ನಿದರ್ಶನ. 1946ರಲ್ಲಿ ಕಾನ್‌ನ ಅತ್ಯುನ್ನತ ಬಹುಮಾನವನ್ನು ಹಂಚಿಕೊಂಡ ಚೇತನ್ ಆನಂದರ ‘ನೀಚಾ ನಗರ್’ ತನ್ನ ದೇಶದಲ್ಲಿ ವ್ಯಾಪಕ ಬಿಡುಗಡೆಯನ್ನೇ ಕಾಣದೆ ಹೋಗಿತ್ತೆಂಬುದನ್ನು ನೆನೆದರೆ ಹತ್ತು ವರ್ಷಗಳ ಅಂತರ ಸ್ಪಷ್ಟವಾಗುತ್ತದೆ.

ಭಾಷಾವಾರು ಪ್ರಶಸ್ತಿಯ ಅರ್ಥ

ಎರಡನೆಯ ವರ್ಷದಿಂದ, ಅಂದರೆ 1954ರ ಚಿತ್ರಗಳಿಂದ, ಪ್ರಾದೇಶಿಕ ಭಾಷೆಗಳ ಚಿತ್ರಗಳಿಗೆ ಪ್ರತ್ಯೇಕ ಪ್ರಶಸ್ತಿಗಳು ಆರಂಭವಾದವು. ಮುಂಬಯಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿದ್ದ ಪ್ರಾದೇಶಿಕ ಸಮಿತಿಗಳು ಮೊದಲ ಹಂತದ ಆಯ್ಕೆ ಮಾಡುತ್ತಿದ್ದವು. ಕೇಂದ್ರ ಸಮಿತಿ ಅಂತಿಮ ತೀರ್ಮಾನ ಕೈಗೊಳ್ಳುತ್ತಿತ್ತು. ಭಾಷೆಯೊಂದರ ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪತಿಗಳ ಬೆಳ್ಳಿ ಪದಕ. ಆ ಮಟ್ಟಕ್ಕೇರಿಲ್ಲವೆಂದು ಸಮಿತಿಗೆ ತೋರಿದರೆ ಅರ್ಹತಾ ಪತ್ರ ಮಾತ್ರ.

ಕನ್ನಡದ ಮಟ್ಟಿಗೆ ಈ ಏರ್ಪಾಡಿನ ಮಹತ್ವ ಸಣ್ಣದಲ್ಲ. 1954ರಲ್ಲಿ ಕನ್ನಡ ಜನರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಏಕೀಕೃತ ರಾಜ್ಯ ರೂಪುಗೊಂಡದ್ದು 1956ರ ನವೆಂಬರ್ 1ರಂದು. ಕನ್ನಡ ಚಿತ್ರಗಳೋ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ನೆಲದ ಲೆಕ್ಕ ಹಿಡಿದರೆ ಅವು ಮದರಾಸಿನ ಚಿತ್ರಗಳು. ತಂತ್ರಜ್ಞರ, ಬಂಡವಾಳದ ಲೆಕ್ಕ ಹಿಡಿದರೂ ಅನೇಕ ವೇಳೆ ಅದೇ ಉತ್ತರ. ಪ್ರಶಸ್ತಿಯ ನಿಯಮ ಮಾತ್ರ ಭಾಷೆಯನ್ನು ಹಿಡಿಯಿತು. ಹೀಗಾಗಿ ಕನ್ನಡಕ್ಕೆ ಒಂದು ರಾಜ್ಯ ದೊರೆಯುವ ಮೊದಲೇ, ಕನ್ನಡ ಚಿತ್ರವೆಂಬುದು ದೆಹಲಿಯ ಕಡತದಲ್ಲಿ ಸ್ವತಂತ್ರ ವರ್ಗವಾಗಿ ದಾಖಲಾಯಿತು.

ಆ ವರ್ಗದಲ್ಲಿ ಮೊದಲು ಗುರುತಿಸಲ್ಪಟ್ಟ ಚಿತ್ರ ‘ಬೇಡರ ಕಣ್ಣಪ್ಪ’. ಗುಬ್ಬಿ ವೀರಣ್ಣನವರ ಸಂಸ್ಥೆಯ, ಎಚ್. ಎಲ್. ಎನ್. ಸಿಂಹ ನಿರ್ದೇಶನದ ಈ ಚಿತ್ರ ಮುತ್ತುರಾಜರನ್ನು ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಯಕನಾಗಿ ನಾಡಿಗೆ ಪರಿಚಯಿಸಿತು. ವೃತ್ತಿರಂಗಭೂಮಿಯ ಗರಡಿಯಲ್ಲಿ ಪಳಗಿದವರೇ ಅದರ ಹಿಂದೆ ಇದ್ದರು. ಬೇಡನ ಭಕ್ತಿ ಪುರೋಹಿತನ ಪೂಜೆಗಿಂತ ಕಡಿಮೆಯದಲ್ಲವೆಂಬ ಕಥೆಯಲ್ಲಿ ಪುರಾಣದ ಮನ್ನಣೆಯೂ ಜಾತಿಯ ಪ್ರಶ್ನೆಯೂ ಕೂಡಿದ್ದವು. ಅದಕ್ಕೆ ದೊರೆತದ್ದು ಅರ್ಹತಾ ಪತ್ರ. ಅದೇ ವರ್ಷ ತಮಿಳಿನ ‘ಮಲೈಕ್ಕಳ್ಳನ್’ ಮತ್ತು ತೆಲುಗಿನ ‘ಪೆದ್ದಮನುಷುಲು’ ಬೆಳ್ಳಿ ಪದಕ ಪಡೆದವು. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳಷ್ಟೇ ತಯಾರಾಗುತ್ತಿದ್ದ ಭಾಷೆಗೂ ದೊಡ್ಡ ಮಾರುಕಟ್ಟೆಯ ನೆರೆಭಾಷೆಗಳಿಗೂ ಒಂದೇ ಅಳತೆ ಅನ್ವಯವಾಗುತ್ತಿತ್ತು. ಆದರೂ ಪ್ರತ್ಯೇಕ ವರ್ಗವಿಲ್ಲದಿದ್ದಲ್ಲಿ ಆ ಪೈಪೋಟಿಯಲ್ಲಿ ಕನ್ನಡದ ಹೆಸರು ಕೇಳಿಬರುವುದೇ ಕಷ್ಟವಿತ್ತು.

ಇದಕ್ಕೆ ಮತ್ತೊಂದು ಮುಖವಿದೆ. ಭಾಷಾವಾರು ಬಹುಮಾನ ಒಂದು ಆಸನವನ್ನು ಖಚಿತಪಡಿಸಿತು. ಅದು ಎರಡನೆಯ ಸಾಲಿನ ಆಸನ. ಮೊದಲ ಹನ್ನೆರಡು ವರ್ಷಗಳ ಚಿನ್ನದ ಪದಕಗಳು ಮರಾಠಿ, ಹಿಂದಿ ಮತ್ತು ಬಂಗಾಳಿ ಚಿತ್ರಗಳ ನಡುವೆಯೇ ಹಂಚಿಕೆಯಾದವು. ದಕ್ಷಿಣದ ಚಿತ್ರವೊಂದು ಮೊದಲ ಬಾರಿಗೆ ಆ ಪದಕ ಪಡೆದದ್ದು 1965ರ ಚಿತ್ರಗಳ ಸಾಲಿನಲ್ಲಿ. ಅದು ರಾಮು ಕಾರ್ಯಾಟರ ಮಲಯಾಳಂ ಚಿತ್ರ ‘ಚೆಮ್ಮೀನ್’.

ಪುರಸ್ಕೃತ ಕನ್ನಡ ಚಿತ್ರಗಳ ಸ್ವರೂಪ

‘ಬೇಡರ ಕಣ್ಣಪ್ಪ’ದ ತರುವಾಯ ಕನ್ನಡ ವಿಭಾಗದಲ್ಲಿ ಮನ್ನಣೆ ಪಡೆದ ಚಿತ್ರಗಳನ್ನು ಕ್ರಮವಾಗಿ ನೋಡಿದರೆ ಒಂದು ಚಲನೆ ಕಾಣಿಸುತ್ತದೆ. ‘ಮಹಾಕವಿ ಕಾಳಿದಾಸ’ (1955), ‘ಭಕ್ತ ವಿಜಯ’ (1956), ‘ಜಗಜ್ಯೋತಿ ಬಸವೇಶ್ವರ’ (1959), ‘ಭಕ್ತ ಕನಕದಾಸ’ (1960) ಮತ್ತು ‘ಕಿತ್ತೂರು ಚೆನ್ನಮ್ಮ’ (1961) ಭಕ್ತಿ, ಐತಿಹ್ಯ ಮತ್ತು ಚರಿತ್ರೆಯನ್ನು ಆಧರಿಸಿದವು. ನಡುವೆ ಬಂದ ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಸಾಮಾಜಿಕವಾದರೂ ಅದರ ಕೇಂದ್ರದಲ್ಲಿರುವುದು ಆದರ್ಶ ಶಿಕ್ಷಕ. ಬಸವಣ್ಣ, ಕನಕದಾಸ, ಚೆನ್ನಮ್ಮ ಎಂಬ ಹೆಸರುಗಳು ಒಂದರ ಹಿಂದೊಂದು ಬಂದದ್ದು ಏಕೀಕರಣದ ಮೊದಲ ವರ್ಷಗಳಲ್ಲಿ ಎಂಬುದು ಆಕಸ್ಮಿಕವಲ್ಲ. ಒಂದಾದ ನಾಡು ತನ್ನ ಪೂರ್ವಜರನ್ನು ತೆರೆಯ ಮೇಲೆ ಗುರುತಿಸಿಕೊಳ್ಳುತ್ತಿತ್ತು. ಆ ವಸ್ತು ಸಮಿತಿಯ ಸಾಂಸ್ಕೃತಿಕ ಮೌಲ್ಯದ ಕಲ್ಪನೆಗೂ ಹೊಂದುತ್ತಿತ್ತು. ನಾಡಿನ ಅಪೇಕ್ಷೆ ಮತ್ತು ದೆಹಲಿಯ ಅಪೇಕ್ಷೆ ಇಲ್ಲಿ ಒಂದೇ ದಿಕ್ಕಿಗೆ ನಡೆದವು.

ಅರವತ್ತರ ದಶಕದ ನಡುಭಾಗದಿಂದ ಕಾದಂಬರಿಯ ಪಾತ್ರ ಹೆಚ್ಚಿತು. ತ. ರಾ. ಸು. ಅವರ ಕಾದಂಬರಿಯನ್ನು ಆಧರಿಸಿದ ‘ಚಂದವಳ್ಳಿಯ ತೋಟ’ (1964) ಬೆಳ್ಳಿ ಪದಕ ಪಡೆಯಿತು. ಹಳ್ಳಿಯೊಂದರ ಕೂಡುಕುಟುಂಬ ಒಡೆಯುವ ಕಥೆಯಾದ ಅದರಲ್ಲಿ ದೇವರ ಪವಾಡಕ್ಕೆ ಎಡೆಯಿರಲಿಲ್ಲ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ (1966), ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969) ಇದೇ ಹಾದಿಯಲ್ಲಿ ಬಂದವು; ನಡುವೆ ಕುಷ್ಠರೋಗದ ಬಗೆಗಿನ ಸಾಮಾಜಿಕ ಭಯವನ್ನು ಎತ್ತಿಕೊಂಡ ‘ಬಂಗಾರದ ಹೂವು’ (1967) ಇದೆ. ‘ಸತ್ಯಹರಿಶ್ಚಂದ್ರ’ (1965) ಪೌರಾಣಿಕದ ಬಲ ಇನ್ನೂ ಕುಂದಿಲ್ಲವೆಂಬುದಕ್ಕೆ ಸಾಕ್ಷಿಯಾಯಿತು. ಒಟ್ಟಿನಲ್ಲಿ, ನಾಟಕ ಕಂಪನಿಯಿಂದ ಕಾದಂಬರಿಯ ಕಡೆಗೆ ಕನ್ನಡ ಚಿತ್ರ ನಡೆದ ಹಾದಿ ಈ ಪಟ್ಟಿಯಲ್ಲಿ ಚೆನ್ನಾಗಿ ಉಳಿದಿದೆ.

ಈ ಅವಧಿಯಲ್ಲೇ ಪ್ರಶಸ್ತಿಯ ಸ್ವರೂಪವೂ ಬದಲಾಯಿತು. 1967ರ ಚಿತ್ರಗಳಿಂದ ನಟ, ನಟಿ, ನಿರ್ದೇಶನ, ಚಿತ್ರಕಥೆ, ಸಂಗೀತ ಮುಂತಾದವಕ್ಕೂ ಪ್ರಶಸ್ತಿ ಬಂದಿತು. ಮೊದಲ ನಟಪ್ರಶಸ್ತಿ ಬಂಗಾಳಿಯ ಉತ್ತಮ್ ಕುಮಾರರಿಗೆ, ನಟಿಯ ಪ್ರಶಸ್ತಿ ನರ್ಗಿಸ್ ಅವರಿಗೆ ಸಂದಿತು. 1954ರಲ್ಲಿ ‘ಫಿಲ್ಮ್‌ಫೇರ್’ ಒಪ್ಪಿದ್ದ ವ್ಯಕ್ತಿಮನ್ನಣೆಯನ್ನು ಸರ್ಕಾರ ಹದಿಮೂರು ವರ್ಷಗಳ ಬಳಿಕ ಒಪ್ಪಿತು. ಕನ್ನಡಕ್ಕೆ ಇದರಿಂದ ಎರಡನೆಯ ಸಾಲಿನಿಂದಾಚೆಗೆ ಒಂದು ದಾರಿ ತೆರೆಯಿತು. ‘ಗೆಜ್ಜೆಪೂಜೆ’ಗಾಗಿ ಪುಟ್ಟಣ್ಣ ಕಣಗಾಲರಿಗೆ ಅಖಿಲ ಭಾರತ ಮಟ್ಟದಲ್ಲಿ ಚಿತ್ರಕಥೆಯ ಪ್ರಶಸ್ತಿ ದೊರೆಯಿತು.

ಪ್ರಮಾಣಪತ್ರದ ಹೊಸ್ತಿಲು: ‘ಸಂಸ್ಕಾರ’

ಇಷ್ಟರವರೆಗೆ ಪದಕ ಮತ್ತು ಪ್ರಮಾಣಪತ್ರಗಳ ನಡುವೆ ಬಹಿರಂಗ ಘರ್ಷಣೆ ಒದಗಿರಲಿಲ್ಲ. ಪ್ರಶಸ್ತಿಗೆ ಅರ್ಹವಾಗಲು ಚಿತ್ರವು ಆಯಾ ವರ್ಷದಲ್ಲಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಮೇಲ್ನೋಟಕ್ಕೆ ಇದು ಕೇವಲ ದಿನಾಂಕದ ನಿಯಮ. ಆದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ನಿರಾಕರಣೆಗೊಂಡ ಚಿತ್ರವು ಪ್ರಶಸ್ತಿ ಸಮಿತಿಯ ಎದುರಿಗೆ ಬರುವುದೇ ಇಲ್ಲ. ಅದು ಸೋಲುವುದಿಲ್ಲ, ಸ್ಪರ್ಧೆಯ ಮಟ್ಟಿಗೆ ಅದು ಇಲ್ಲವೇ ಇಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಈ ಪ್ರಶ್ನೆ ಮೇಲೆದ್ದಿತು. ಸೆನ್ಸಾರ್ ಪದ್ಧತಿಯ ಪರಿಶೀಲನೆಗಾಗಿ ನೇಮಕಗೊಂಡಿದ್ದ ಜಿ. ಡಿ. ಖೋಸ್ಲಾ ಸಮಿತಿ 1969ರಲ್ಲಿ ವರದಿ ನೀಡಿತು. ಅತ್ತ ಕೆ. ಎ. ಅಬ್ಬಾಸ್ ತಮ್ಮ ಸಾಕ್ಷ್ಯಚಿತ್ರವೊಂದಕ್ಕೆ ಎಲ್ಲರೂ ನೋಡಬಹುದಾದ ಪ್ರಮಾಣಪತ್ರ ಬೇಕಿದ್ದರೆ ಕೆಲವು ದೃಶ್ಯಗಳನ್ನು ಕತ್ತರಿಸಬೇಕೆಂದ ಆಜ್ಞೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ‘ನೀಚಾ ನಗರ್’ ಚಿತ್ರಕಥೆಯ ರಚನೆಯಲ್ಲಿ ಪಾಲಿದ್ದ, ‘ಶೆಹರ್ ಔರ್ ಸಪ್ನಾ’ (1963) ಚಿತ್ರಕ್ಕಾಗಿ ಸ್ವತಃ ಚಿನ್ನದ ಪದಕ ಪಡೆದಿದ್ದ ಅಬ್ಬಾಸರೇ ಈಗ ಅರ್ಜಿದಾರರು. ಪದಕ ನೀಡಿದ ಪ್ರಭುತ್ವ ಎದುರುಪಕ್ಷ. 1970ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಪ್ರದರ್ಶನಪೂರ್ವ ಸೆನ್ಸಾರ್ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಆದರೆ ಕಲೆಯ ಮೌಲ್ಯವನ್ನು ಪರಿಗಣಿಸುವ ಸ್ಪಷ್ಟ ಮಾನದಂಡಗಳು ಇರಬೇಕೆಂದೂ ಹೇಳಿತು.

ಅದೇ ವರ್ಷದ ಕನ್ನಡ ಚಿತ್ರ ‘ಸಂಸ್ಕಾರ’. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ಮಿಸಿ ನಿರ್ದೇಶಿಸಿದ ಈ ಚಿತ್ರದಲ್ಲಿ ಗಿರೀಶ ಕಾರ್ನಾಡ, ಸ್ನೇಹಲತಾ ರೆಡ್ಡಿ, ಪಿ. ಲಂಕೇಶ್ ಅಭಿನಯಿಸಿದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು. ಅಗ್ರಹಾರದಲ್ಲಿ ಆಚಾರ ತೊರೆದವನೊಬ್ಬ ಸತ್ತಾಗ ಅವನ ಶವಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಯಿಂದ ಹೊರಡುವ ಕಥೆ, ಪ್ರಾಣೇಶಾಚಾರ್ಯರ ಆತ್ಮಪರೀಕ್ಷೆಯಾಗಿ ಬೆಳೆಯುತ್ತದೆ. ಜಾತಿಯ ಸೂಕ್ಷ್ಮ ಪ್ರಶ್ನೆಯನ್ನು ಎತ್ತಿದ ಕಾರಣಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಕನ್ನಡ ಚಿತ್ರಗಳ ಪ್ರಾದೇಶಿಕ ಆಯ್ಕೆ ನಡೆಯುತ್ತಿದ್ದ ಮದರಾಸಿನಲ್ಲಿಯೇ ಆ ಚಿತ್ರದ ದಾರಿಯೂ ಮುಚ್ಚಿತು. ಮೇಲ್ಮನವಿಯ ಬಳಿಕ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಟ್ಟದಲ್ಲಿ ನಿಷೇಧ ತೆರವಾಯಿತು. ಆಮೇಲೆ 1970ರ ಅತ್ಯುತ್ತಮ ಕಥಾಚಿತ್ರವಾಗಿ ‘ಸಂಸ್ಕಾರ’ವೇ ಆಯ್ಕೆಯಾಯಿತು. ಅಖಿಲ ಭಾರತ ಮಟ್ಟದಲ್ಲಿ ಚಿನ್ನದ ಪದಕ ಪಡೆದ ಮೊದಲ ಕನ್ನಡ ಚಿತ್ರವದು.

ಈ ಪ್ರಸಂಗವನ್ನು ಕೇವಲ ವಿಜಯದ ಕಥೆಯಾಗಿ ಓದಿದರೆ ಸಾಲದು. ಮೇಲ್ಮನವಿ ಸೋತಿದ್ದರೆ ಆ ವರ್ಷದ ಪಟ್ಟಿಯಲ್ಲಿ ಬೇರೊಂದು ಹೆಸರಿರುತ್ತಿತ್ತು. ಏನೋ ತಪ್ಪಿಹೋಗಿದೆ ಎಂಬುದರ ಕುರುಹು ಕೂಡ ಆ ಪಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಹದಿನಾರು ವರ್ಷಗಳ ಹಿಂದೆ ‘ಬೇಡರ ಕಣ್ಣಪ್ಪ’ವೂ ಆಚಾರಕ್ಕೂ ಅಂತರಂಗಕ್ಕೂ ನಡುವಣ ಪ್ರಶ್ನೆಯನ್ನೇ ಕೇಳಿತ್ತು. ಅಲ್ಲಿ ಶಿವನೇ ಬಂದು ಉತ್ತರ ಹೇಳಿದ್ದರಿಂದ ಯಾರಿಗೂ ಆಕ್ಷೇಪವೆನಿಸಲಿಲ್ಲ. ‘ಸಂಸ್ಕಾರ’ದಲ್ಲಿ ಉತ್ತರ ಹೇಳಲು ದೇವರು ಬರುವುದಿಲ್ಲ. ಅರ್ಹತಾ ಪತ್ರದಿಂದ ಚಿನ್ನದ ಪದಕದವರೆಗಿನ ಕನ್ನಡ ಚಿತ್ರದ ದೂರವನ್ನು ಈ ಒಂದು ವ್ಯತ್ಯಾಸ ಸೂಚಿಸುತ್ತದೆ.

ಉಪಸಂಹಾರ

1973ರಲ್ಲಿ ಚಲನಚಿತ್ರೋತ್ಸವ ನಿರ್ದೇಶನಾಲಯ ಸ್ಥಾಪನೆಯಾಗಿ ಪ್ರಶಸ್ತಿಗಳ ನಿರ್ವಹಣೆ ಅದಕ್ಕೆ ಸೇರಿತು. ಪದಕಗಳು ಸ್ವರ್ಣ ಕಮಲ, ರಜತ ಕಮಲಗಳಾದವು. 2022ರಲ್ಲಿ ಆ ನಿರ್ದೇಶನಾಲಯವು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ‘ಸಂಸ್ಕಾರ’ದ ಬಳಿಕ ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997) ಮತ್ತು ‘ದ್ವೀಪ’ (2001) ಅತ್ಯುತ್ತಮ ಚಿತ್ರಗಳಾಗಿ ಆಯ್ಕೆಯಾದವು. ಭಾಷಾವಾರು ವರ್ಗ ನೀಡಿದ್ದ ಎರಡನೆಯ ಸಾಲಿನ ಆಸನದಿಂದ ಕನ್ನಡ ಎದ್ದು ಬಂದದ್ದು ಹೀಗೆ. ಆ ಆಸನವೂ ಇಲ್ಲದಿದ್ದರೆ ಎದ್ದು ಬರುವ ಪ್ರಶ್ನೆಯೇ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಪ್ರಶಸ್ತಿಗಳ ಅಧ್ಯಯನಕ್ಕೆ ಈ ಅವಧಿಯಿಂದ ದೊರೆಯುವ ಪಾಠ ಸರಳವಾದುದು. ಪುರಸ್ಕೃತರ ಪಟ್ಟಿ ಕಲೆಯ ಚರಿತ್ರೆಯ ಒಂದು ಭಾಗ ಮಾತ್ರ. ಅದರ ಪಕ್ಕದಲ್ಲಿ ಪ್ರಮಾಣಪತ್ರಗಳ ಚರಿತ್ರೆಯನ್ನೂ, ಅಂದರೆ ಕತ್ತರಿಸಿದ, ತಡೆಹಿಡಿದ, ನಿರಾಕರಿಸಿದ ಚಿತ್ರಗಳ ಕಡತಗಳನ್ನೂ ಇಟ್ಟು ಓದಿದಾಗಲೇ ಒಂದು ಕಾಲದ ಪ್ರಭುತ್ವ ಯಾವುದನ್ನು ಮೆಚ್ಚಿತು, ಯಾವುದಕ್ಕೆ ಅಂಜಿತು ಎಂಬುದು ಒಟ್ಟಿಗೆ ಕಾಣುತ್ತದೆ. ‘ಸಂಸ್ಕಾರ’ದ ಹೆಸರು ಒಂದೇ ವರ್ಷದೊಳಗೆ ಈ ಎರಡೂ ಕಡತಗಳಲ್ಲಿ ದಾಖಲಾಯಿತು.